ಇವತ್ತು ಯಾರೂ ಬಂದಿಲ್ಲ

ಮನೆ ಕೊಂಡ ಸಂಗತಿಯನ್ನು ಮಗ ಗುಟ್ಟಾಗಿಟ್ಟಿದ್ದ. ಬೀಗದ ಕೈ ಸಿಕ್ಕ ದಿನ ಹೆಂಡತಿಯನ್ನೂ ಅಮ್ಮನನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟವನು, ಕೊನೆಯ ತಿರುವು ಬರುತ್ತಿದ್ದಂತೆ ಅಮ್ಮನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದ.

“ಅರವತ್ತಾರು ವರ್ಷಕ್ಕೆ ಇದೆಂಥ ಕಣ್ಣಾಮುಚ್ಚಾಲೆನೋ?” ಎಂದು ಗೊಣಗುತ್ತಲೇ ಅವರು ಮುಚ್ಚಿಕೊಂಡರು.

ಕಣ್ಣು ಬಿಟ್ಟಾಗ ಎದುರಿಗೆ ಹಳೆಯ ಆಸ್ಪತ್ರೆ ನಿಂತಿತ್ತು. ಗೋಡೆಗೆ ಹೊಸ ಬಣ್ಣ ಬಂದಿತ್ತು, ಗಾಯಾಳುಗಳನ್ನು ಇಳಿಸುತ್ತಿದ್ದ ಕಡೆ ಹೂವಿನ ಕುಂಡಗಳು ಬಂದಿದ್ದವು. ಆದರೆ ಕಟ್ಟಡ ಅದೇ. ಹನ್ನೆರಡು ವರ್ಷ ಬಾಗಿಲು ಹಾಕಿಕೊಂಡು ಬಿದ್ದಿದ್ದ ಅದನ್ನು ಯಾರೋ ಬಿಲ್ಡರ್ ಕೊಂಡು, ವಾರ್ಡುಗಳಿಗೆ ಅಡ್ಡಗೋಡೆ ಹಾಕಿ ಮನೆ ಮಾಡಿ ಮಾರುತ್ತಿದ್ದ.

“ನಿನ್ನ ಆಸ್ಪತ್ರೆಯೇ ಅಮ್ಮ,” ಎಂದ ಮಗ. “ಮೂರನೇ ಮಹಡಿ. ಬೇಕು ಅಂತಲೇ ಆರಿಸಿದೆ. ನಿನ್ನ ಮಕ್ಕಳ ವಾರ್ಡು.”

ಮೂವತ್ತೊಂದು ವರ್ಷ ಅವರು ಅಲ್ಲಿ ನರ್ಸ್ ಆಗಿದ್ದರು. ಮೊದಲ ಆರು ವರ್ಷ ಮಕ್ಕಳ ವಾರ್ಡಿನಲ್ಲಿ. ಗಂಡ ಬೇಗ ತೀರಿಕೊಂಡ ಮೇಲೆ ಮಗನನ್ನು ಡ್ಯೂಟಿ ರೂಮಿನ ಮೂಲೆಯಲ್ಲಿ ಕೂರಿಸಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವರು. ಅವನ ಪಾಲಿಗೆ ಆ ಕಟ್ಟಡವೆಂದರೆ ಕೆನ್ನೆ ಹಿಂಡುತ್ತಿದ್ದ ಸಿಸ್ಟರುಗಳು ಮತ್ತು ಔಷಧಿಯ ಖಾಲಿ ಡಬ್ಬಿಗಳ ರೈಲು. ಅಮ್ಮ ಮನೆಯಲ್ಲಿ ಹೇಳಿದ್ದೂ ನಗು ಬರಿಸುವ ಕಥೆಗಳನ್ನೇ.

ಅವರು ಮಗನ ಮುಖ ನೋಡಿದರು. ಸೊಸೆಯ ಮುಖ ನೋಡಿದರು. “ಚೆನ್ನಾಗಿದೆ ಕಣೋ,” ಎಂದರು. ಆ ಒಂದು ಮಾತಿನಿಂದ ಹಿಂದಿರುಗುವ ದಾರಿ ಮುಚ್ಚಿಹೋಯಿತು.

ಅವರಿಗೆಂದು ಬಿಟ್ಟ ಕೋಣೆ ಒಳ್ಳೆಯದೇ. ಎತ್ತರದ ಚಾವಣಿ, ಉದ್ದ ಕೊಳವೆಯ ತುದಿಯಲ್ಲಿ ಫ್ಯಾನು, ದೊಡ್ಡ ಕಿಟಕಿ. ಗೋಡೆ, ಬಾಗಿಲು ಎಲ್ಲ ಬದಲಾಗಿದ್ದರೂ ನೆಲವನ್ನು ಬಿಲ್ಡರ್ ಹಾಗೇ ಬಿಟ್ಟಿದ್ದ. ಎಷ್ಟು ಉಜ್ಜಿದರೂ ಹೋಗದ ತುಕ್ಕಿನ ದುಂಡು ಗುರುತುಗಳು ಅಲ್ಲಿದ್ದವು, ನಾಲ್ಕು ಇಲ್ಲಿ, ನಾಲ್ಕು ಅಲ್ಲಿ. “ಇದೇನತ್ತೆ ಇದು, ಪೇಂಟ್ ಡಬ್ಬಿ ಇಟ್ಟಿದ್ರೇನೋ,” ಎಂದು ಸೊಸೆ ಬಟ್ಟೆ ತೆಗೆದುಕೊಂಡು ತಿಕ್ಕಿದಳು. ಅವರು ಹೂಂ ಎಂದರು. ಕಬ್ಬಿಣದ ಮಂಚದ ಕಾಲುಗಳ ಗುರುತು ಅವು. ಕಿಟಕಿಯ ಪಕ್ಕದ ನಾಲ್ಕು, ಹನ್ನೊಂದನೇ ನಂಬರಿನವು. ಮಗ ಗಾಳಿ ಬೆಳಕು ಚೆನ್ನಾಗಿ ಬರಲೆಂದು ಅಮ್ಮನ ಮಂಚವನ್ನು ತಂದು ಸರಿಯಾಗಿ ಅಲ್ಲೇ ಹಾಕಿದ.

ಮಂಡಿ ನೋವಿನಿಂದ ಮೆಟ್ಟಿಲು ಅವರಿಗೆ ಆಗುತ್ತಿರಲಿಲ್ಲ. ಒಟ್ಟು ಐವತ್ತನಾಲ್ಕು. ಸ್ಟ್ರೆಚರ್ ಉರುಳಿಸುತ್ತಿದ್ದ ಇಳಿಜಾರು ದಾರಿ ಇದ್ದಿದ್ದರೆ ಗೋಡೆ ಹಿಡಿದು ಇಳಿಯಬಹುದಿತ್ತು, ಅದನ್ನು ಒಡೆದು ಬಿಲ್ಡರ್ ಮಹಡಿಗೊಂದು ಮನೆ ಹೆಚ್ಚಿಗೆ ಮಾಡಿಕೊಂಡಿದ್ದ. ಲಿಫ್ಟು ಬರುವ ತಿಂಗಳು ಬರುತ್ತದೆ ಎನ್ನುತ್ತಿದ್ದರು. ತಿಂಗಳು ಬರುತ್ತಿತ್ತು, ಲಿಫ್ಟು ಬರುತ್ತಿರಲಿಲ್ಲ. ಹಾಗೆ ಐದು ತಿಂಗಳು ಅವರು ನೆಲಕ್ಕಿಳಿಯಲಿಲ್ಲ. ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಕೋಣೆ, ನಡುಮನೆ, ಅಡುಗೆಮನೆ, ಮತ್ತೆ ಕೋಣೆ. ಮಂಚದ ಮೇಲೆ ಮಲಗಿದರೆ ಕಾಣುವುದು ವಾರ್ಡಿನ ಕಾಲದಿಂದಲೂ ಇದ್ದ ಚಾವಣಿಯ ಕೊಕ್ಕೆಗಳು. ಎದ್ದು ಕೂತರೆ ಕಿಟಕಿ. ಕಿಟಕಿಯಾಚೆ ಅಂಗಳ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡರು.

ನಿವಾಸಿಗಳ ಸಂಘದ ಕಾರ್ಯದರ್ಶಿ ಒಬ್ಬರಿದ್ದರು, ಮಾತಿನ ಮಲ್ಲ. ಬಾಗಿಲ ಬಳಿ ಕಟ್ಟಡದ ಇತಿಹಾಸ ಹೇಳುವ ಫಲಕ ಹಾಕಬೇಕೆಂದು ಅವರಿಗೆ ಹುಚ್ಚು. ನೋಟ್‌ಬುಕ್ ಹಿಡಿದು ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು. “ಸಿಸ್ಟರಮ್ಮ, ನೀವು ನಮ್ಮ ಕಟ್ಟಡದ ಆಸ್ತಿ. ಹೇಳಿ, ಹೇಳಿ.” ಅವರು ಹೇಳಿದರು. ಅಡುಗೆಯವನು ಬಟ್ಟೆ ಕೋಣೆಯ ಗಂಟುಗಳ ನಡುವೆ ನಿದ್ದೆ ಹೋಗಿದ್ದು, ರೋಗಿ ಓಡಿಹೋದನೆಂದು ಊರೆಲ್ಲ ಹುಡುಕಿದ್ದು, ಆಪರೇಷನ್ ಥಿಯೇಟರಿಗೆ ಬೆಕ್ಕು ನುಗ್ಗಿದ್ದು. ಕಾರ್ಯದರ್ಶಿ ಹೊಟ್ಟೆ ಹಿಡಿದು ನಕ್ಕು ಬರೆದುಕೊಂಡರು.

“ಮಕ್ಕಳ ವಾರ್ಡಿನದು ಏನಾದ್ರೂ ಕೊಡಿ. ಓದೋರಿಗೆ ಹಿಡಿಸುತ್ತೆ.”

“ಮಕ್ಕಳು... ಚೆನ್ನಾಗಿದ್ರು,” ಎಂದರು ಅವರು. ಕಾರ್ಯದರ್ಶಿ ಅದನ್ನೂ ಬರೆದುಕೊಂಡರು.

ಆ ವಾರ್ಡಿನಲ್ಲಿ ಹದಿನಾಲ್ಕು ಮಂಚಗಳಿದ್ದವು, ಹೆಚ್ಚಿನವು ಮೂಳೆಗೆ ಕ್ಷಯ ತಗುಲಿದ ಮಕ್ಕಳವು. ಹನ್ನೊಂದನೇ ಮಂಚದಲ್ಲಿ ಏಳು ವರ್ಷದ ಒಂದು ಹುಡುಗಿ ಹದಿನಾಲ್ಕು ತಿಂಗಳು ಮಲಗಿದ್ದಳು. ಸೊಂಟದ ಕೀಲು ಕೊಳೆತಿತ್ತು. ಕಾಲು ಕುಗ್ಗದಿರಲೆಂದು ಪಾದಕ್ಕೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಿಂದ ಎರಡು ಇಟ್ಟಿಗೆ ಇಳಿಬಿಟ್ಟಿದ್ದರು. ಮಗ್ಗುಲಾಗುವಂತಿಲ್ಲ, ಏಳುವಂತಿಲ್ಲ. ಉಳಿದ ಮಕ್ಕಳು ಅವಳನ್ನು ಇಟ್ಟಿಗೆ ಎಂದೇ ಕರೆಯುತ್ತಿದ್ದರು.

ವಾರ್ಡಿನೊಳಗೆ ತಂದೆತಾಯಿಯರನ್ನು ಬಿಡುತ್ತಿರಲಿಲ್ಲ. ದೊಡ್ಡ ಡಾಕ್ಟರ ಕಟ್ಟಪ್ಪಣೆ. ಭಾನುವಾರ ಮಧ್ಯಾಹ್ನ ಅವರು ಅಂಗಳಕ್ಕೆ ಬಂದು, ತಂದದ್ದನ್ನು ವಾರ್ಡಿಗೆಲ್ಲ ಹಂಚಲೆಂದು ಕಾವಲುಗಾರನ ಕೈಗೆ ಕೊಟ್ಟು, ಕಿಟಕಿಗಳ ಕಡೆ ನೋಡಿಕೊಂಡು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ತಾಯಿಯ ಮುಖ ಕಂಡರೆ ಮಕ್ಕಳು ಹಟ ಹಿಡಿಯುತ್ತವೆ, ಹಗ್ಗ ಎಳೆದುಕೊಳ್ಳುತ್ತವೆ. ಒಂದು ಮಗು ಹಾಗೆ ಬಿದ್ದು ತೊಡೆ ಮುರಿದುಕೊಂಡಿತ್ತು. ಅದಕ್ಕೇ ಆ ಹೊತ್ತಿಗೆ ಕಿಟಕಿಯ ಪರದೆ ಎಳೆಯಬೇಕು. ಮಕ್ಕಳು ಕೇಳಿದರೆ ಯಾರೂ ಬಂದಿಲ್ಲ ಅನ್ನಬೇಕು. ಆಗ ಇಪ್ಪತ್ತನಾಲ್ಕರ ಹುಡುಗಿಯಾಗಿದ್ದ ಸಿಸ್ಟರಮ್ಮ ಪರದೆ ಎಳೆದರು. ಇವತ್ತು ಯಾರೂ ಬಂದಿಲ್ಲ ಅಂದರು.

ಹನ್ನೊಂದನೇ ಮಂಚದ ಹುಡುಗಿಯ ತಾಯಿ ಒಂದು ವಾರವೂ ತಪ್ಪಿಸಲಿಲ್ಲ. ಸೊಂಟದಲ್ಲಿ ಕೈಗೂಸು ಇಟ್ಟುಕೊಂಡು ಬರುತ್ತಿದ್ದಳು. ಹುಡುಗಿಯೂ ಒಂದು ವಾರ ತಪ್ಪಿಸದೆ ಕೇಳುತ್ತಿದ್ದಳು, “ನಮ್ಮಮ್ಮ ಬಂದ್ರಾ ಸಿಸ್ಟರ್?”

ಹೀಗೆ ಎಂಟು ತಿಂಗಳು. ಒಂಬತ್ತನೇ ತಿಂಗಳಿನ ಒಂದು ಭಾನುವಾರ ಸಿಸ್ಟರಮ್ಮನಿಗೆ ಹಿಂದಿನ ದಿನದ ಕೆಲಸದ ಮೇಲೆ ಇನ್ನೊಬ್ಬಳ ಕೆಲಸವೂ ಬಿದ್ದಿತ್ತು, ತಲೆ ಸಿಡಿಯುತ್ತಿತ್ತು. ಹುಡುಗಿ ಅವತ್ತು ಬೇರೆ ಥರ ಕೇಳಿದಳು: “ನಮ್ಮಮ್ಮಂಗೆ ನಾನು ಬೇಡ್ವಾ?”

“ನಿಮ್ಮಮ್ಮಂಗೆ ಮನೇಲಿ ಇನ್ನೊಂದು ಮಗು ಇದೆ. ಪುರುಸೊತ್ತಿರಲ್ಲ,” ಎಂದುಬಿಟ್ಟರು ಸಿಸ್ಟರಮ್ಮ.

ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಯಾರ ಅಪ್ಪಣೆಯೂ ಅಲ್ಲ. ಆ ಮೇಲೆ ಹುಡುಗಿ ಕೇಳುವುದನ್ನೇ ಬಿಟ್ಟಳು. ಸದ್ಯ, ಪೀಡೆ ಕಳೆಯಿತು ಎಂದು ಸಿಸ್ಟರಮ್ಮನಿಗೆ ಹಗುರವಾದದ್ದೂ ನಿಜ. ಆ ಹಗುರವೇ ಈಗ ಕೋಣೆಯ ನಾಲ್ಕೂ ಗೋಡೆಯಿಂದ ಬಂದು ಎದೆಯ ಮೇಲೆ ಕೂರುತ್ತಿತ್ತು.

ಹೊಸ ಮನೆಗೆ ಬಂದ ವರ್ಷದ ಬೇಸಿಗೆಯಲ್ಲಿ ಅವರ ಕನ್ನಡಕದ ಕಡ್ಡಿ ಮುರಿಯಿತು. ಮಗ ಅದನ್ನು ಮಾರುಕಟ್ಟೆ ರಸ್ತೆಯ ಅಂಗಡಿಗೆ ಒಯ್ದ. ಅಂಗಡಿ ಒಬ್ಬ ಹೆಂಗಸಿನದು, ಗಾಜು ಉಜ್ಜುವುದರಿಂದ ಹಿಡಿದು ಎಲ್ಲ ಅವಳದೇ ಕೈ. ಮಗನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅಮ್ಮ ಹಳೇ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದರು, ಈಗ ಅದೇ ವಾರ್ಡಿನಲ್ಲಿ ರಾಣಿ ಹಾಗೆ ಇದ್ದಾರೆ ಎಂದೆಲ್ಲ ಹೇಳಿದ. ಹೆಂಗಸು ಉಜ್ಜುತ್ತಿದ್ದ ಗಾಜನ್ನು ಕೆಳಗಿಟ್ಟು, ಯಾವ ವಾರ್ಡು, ಯಾವ ವರ್ಷ, ಗಲ್ಲದ ಮೇಲೆ ಮಚ್ಚೆ ಇದೆಯೇ ಎಂದು ಕೇಳಿದಳಂತೆ. “ಕನ್ನಡಕ ನಾನೇ ತಂದು ಹಾಕಿ ನೋಡ್ತೀನಿ. ಕಿವಿಗೆ ಸರಿಯಾಗಿ ಕೂರಬೇಕು,” ಎಂದಳಂತೆ.

“ನಿನ್ನ ಪೇಷಂಟ್ ಅಮ್ಮ! ನಾಳೆ ಬರ್ತಾರೆ,” ಎಂದು ಮಗ ಬಂದು ಕುಣಿದಾಡಿದ. ಬೇಡ ಅನ್ನುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ. ಬಾಗಿಲು ಒಂದೇ, ಮೆಟ್ಟಿಲು ಐವತ್ತನಾಲ್ಕು. ಎಲ್ಲಿಗೆ ಹೋದಾರು?

ಮರುದಿನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಬಂತು. ಒಂದು ಗಟ್ಟಿ, ಒಂದು ಎಳೆದದ್ದು. ಕನ್ನಡಕ ಇಲ್ಲದ್ದರಿಂದ ಬಾಗಿಲಲ್ಲಿ ಬರೀ ಒಂದು ಆಕಾರ ಕಂಡಿತು. ಅದು ಹತ್ತಿರ ಬಂದು, ಕುರ್ಚಿ ಎಳೆದುಕೊಂಡು ಎದುರಿಗೇ ಕೂತು, ತಣ್ಣನೆಯ ಬೆರಳುಗಳಿಂದ ಅವರ ಕಿವಿಯ ಹಿಂದಿನ ಕೂದಲು ಸರಿಸಿ ಕನ್ನಡಕ ಇಟ್ಟಿತು. ಐವತ್ತರ ಹತ್ತಿರದ ಒಂದು ಮುಖ ಸ್ಪಷ್ಟವಾಯಿತು.

“ಕಾಣಿಸುತ್ತಾ ಸಿಸ್ಟರ್?”

“ಕಾಣಿಸುತ್ತೆ.”

“ನನ್ನ ಗುರುತು ಸಿಕ್ತಾ?”

“ಹನ್ನೊಂದು,” ಎಂದರು ಅವರು. ಹೆಸರು ನೆನಪಿತ್ತು, ಬಾಯಿಗೆ ಬರಲಿಲ್ಲ.

ಅವಳು ನಕ್ಕಳು. ಎದ್ದು ಕಾಲು ಎಳೆಯುತ್ತ ಕೋಣೆ ತುಂಬ ನಡೆದಳು. ತಲೆಯೆತ್ತಿ ಕೊಕ್ಕೆಗಳನ್ನು ನೋಡಿದಳು. ಮಗ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಸೊಸೆ. ಇಬ್ಬರ ಮುಖವೂ ಊರಗಲ.

“ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಬೇಕು ಅಂತ ಬಹಳ ವರ್ಷದಿಂದ ಇತ್ತು,” ಎಂದು ಅವಳು ಮಗನ ಕಡೆ ತಿರುಗಿ ಹೇಳಿದಳು. “ಆ ವಾರ್ಡಲ್ಲಿ ಎಲ್ಲರೂ ನಮ್ಮನ್ನ ಪುಸಲಾಯಿಸ್ತಿದ್ರು. ನಾಳೆ ಬರ್ತಾರೆ, ನಾಡಿದ್ದು ಬರ್ತಾರೆ ಅಂತ. ಇವರೊಬ್ಬರೇ ನಿಜ ಹೇಳಿದ್ದು. ನಿಮ್ಮಮ್ಮಂಗೆ ಪುರುಸೊತ್ತಿಲ್ಲ ಅಂತ ನೇರವಾಗಿ ಹೇಳಿದ್ರು. ಆವತ್ತು ಉರೀತು. ಆದರೆ ಆಮೇಲೆ ಕಾಯೋದು ತಪ್ಪಿತಲ್ಲ. ಕಾಯೋದು ಇಟ್ಟಿಗೆಗಿಂತ ಭಾರ.”

ಮಗ ಹೆಮ್ಮೆಯಿಂದ ಅಮ್ಮನನ್ನು ನೋಡಿದ.

“ನಿಮ್ಮ ತಾಯಿ?” ಎಂದು ಕೇಳಿದಳು ಸೊಸೆ.

“ಇದ್ದಾರೆ, ನನ್ನ ಜೊತೇಲೇ. ಏನೂ ಕಮ್ಮಿ ಮಾಡಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ. ಮಾತು ಮಾತ್ರ ಅಷ್ಟಕ್ಕಷ್ಟೆ.” ಅವಳು ಕನ್ನಡಕದ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. “ಈಗಲೂ ಹೇಳ್ತಾರೆ, ವಾರ ವಾರ ಬರ್ತಿದ್ದೆ ಕಣೇ ಅಂತ. ವಯಸ್ಸಾಯ್ತಲ್ಲ. ನಾನು, ಬಿಡಮ್ಮ, ಸಿಸ್ಟರ್ ಯಾಕೆ ಸುಳ್ಳು ಹೇಳ್ತಾರೆ ಅಂತೀನಿ. ಸುಮ್ಮನಾಗ್ತಾರೆ.”

ಸಿಸ್ಟರಮ್ಮ ಮಂಚದ ಅಂಚು ಹಿಡಿದುಕೊಂಡರು. ಈಗ ಒಂದು ಮುಗುಳ್ನಗು ನಕ್ಕರೆ ಸಾಕಿತ್ತು. ಅವಳು ಚಹಾ ಕುಡಿದು ಹೋಗುತ್ತಿದ್ದಳು, ಮಗ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಕಾರ್ಯದರ್ಶಿ ಅದನ್ನು ಫಲಕದಲ್ಲಿ ಬರೆಸುತ್ತಿದ್ದರು. ಆಮೇಲೆ ಈ ಕೋಣೆಯಲ್ಲಿ ತಾನೊಬ್ಬಳೇ ಉಳಿಯುವುದು.

“ಬರ್ತಿದ್ರು,” ಎಂದರು.

“ಏನಂದ್ರಿ?”

“ನಿಮ್ಮಮ್ಮ ಬರ್ತಿದ್ರು. ಕೆಳಗೆ ಅಂಗಳದ ನಲ್ಲಿ ಹತ್ತಿರ ನಿಲ್ತಿದ್ರು. ನಾನು ಪರದೆ ಎಳೀತಿದ್ದೆ.”

ಅವಳು ಮೆಲ್ಲಗೆ ಕುರ್ಚಿಯ ಮೇಲೆ ಕೂತಳು.

“ಎಷ್ಟು ಸಲ?”

“ಎಲ್ಲಾ ಭಾನುವಾರ.”

“ಮಳೆ ಇದ್ದಾಗ?”

“ಮಳೇಲೂ.”

“ಪುರುಸೊತ್ತಿಲ್ಲ ಅಂದಿದ್ದು?”

“ಅದು ನಾನೇ ಹೇಳಿದ್ದು. ನನಗೆ ಅವತ್ತು ಸುಸ್ತಾಗಿತ್ತು.”

ಅದಕ್ಕಿಂತ ದೊಡ್ಡ ಕಾರಣ ಏನಾದರೂ ಸಿಗಬಹುದೇ ಎಂದು ಅವರು ಹುಡುಕಿದರು, ನಲವತ್ತೆರಡು ವರ್ಷಗಳಿಂದ ಹುಡುಕಿದಂತೆ. ಸಿಗಲಿಲ್ಲ. ಅವಳು ಡಬ್ಬಿಯನ್ನು ಟಪ್ಪೆಂದು ಮುಚ್ಚಿ ಮಂಚದ ಮೇಲಿಟ್ಟಳು. ಮಗನನ್ನು ಸರಿಸಿಕೊಂಡು ಹೊರಗೆ ಹೋದಳು. ಗಟ್ಟಿ ಹೆಜ್ಜೆ, ಎಳೆದ ಹೆಜ್ಜೆ. ಐವತ್ತನಾಲ್ಕೂ ಮುಗಿಯುವವರೆಗೆ ಯಾರೂ ಅಲುಗಲಿಲ್ಲ.

ಮಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತ, ಮುಖ ನೋಡದೆ, “ಈ ಮನೆ ಬೇಡ ಅಂತ ಆವತ್ತೇ ಯಾಕಮ್ಮ ಹೇಳಲಿಲ್ಲ?” ಎಂದ.

“ನಿನ್ನ ಮುಖ ನೋಡಿದೆ.”

“ನನ್ನ ಮುಖಕ್ಕೇನಾಗಿತ್ತು?”

“ಎಂಟು ವರ್ಷದ ಮುಖ ಆಗಿತ್ತು. ಡಬ್ಬಿ ರೈಲು ಬಿಡೋವಾಗ ಇರ್ತಿತ್ತಲ್ಲ, ಅದು.”

ಅವನು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಸಂಜೆ ಬಂದವನು ಮಂಚವನ್ನು ನಡುಮನೆಗೆ ಎಳೆದು ಹಾಕಲೇ ಎಂದು ಕೇಳಿದ. ನಡುಮನೆ ಹನ್ನೆರಡು, ಹದಿಮೂರು ಮತ್ತು ಹದಿನಾಲ್ಕನೇ ಮಂಚಗಳ ಜಾಗ. ಬೇಡ ಎಂದರು.

ಹನ್ನೊಂದು ದಿನ ಕಳೆದ ಮೇಲೆ ಮಗನ ಫೋನಿಗೆ ಕನ್ನಡಕದವಳ ಕರೆ ಬಂತು. ತನ್ನ ತಾಯಿಗೆ ಸಿಸ್ಟರನ್ನು ನೋಡಬೇಕಂತೆ, ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಇವರೇ ಬರಬೇಕು. ದನಿ ಖಾರವಾಗಿರಲಿಲ್ಲ, ಸಿಹಿಯಾಗಿಯೂ ಇರಲಿಲ್ಲ.

“ಕುರ್ಚೀಲಿ ಕೂರಿಸಿ ಹೊತ್ಕೊಂಡು ಇಳಿಸ್ತೀವಿ,” ಎಂದ ಮಗ. ಅವರು ಒಪ್ಪಲಿಲ್ಲ. ಮೊದಲ ಮಹಡಿಯವರೆಗೆ ಸೊಸೆಯ ಹೆಗಲು ಹಿಡಿದು, ಅಲ್ಲಿಂದ ಮುಂದೆ ಮಗುವಿನಂತೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರಿ ಇಳಿದರು. ಕೆಳಗೆ ಸಿಕ್ಕ ಕಾರ್ಯದರ್ಶಿ, “ಏನು ಸಿಸ್ಟರಮ್ಮ, ಸವಾರಿ ಯಾವ ಕಡೆ?” ಎಂದರು. “ಫಲಕಕ್ಕೆ ಬರೆಯೋದು ಸ್ವಲ್ಪ ತಡೀರಿ,” ಎಂದಷ್ಟೇ ಹೇಳಿ ಕಾರು ಹತ್ತಿದರು.

ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಬಾಗಿಲು, ಅದು ತೆರೆದೇ ಇತ್ತು. ಒಳಗಿನ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ತಾಯಿ ಕೂತಿದ್ದಳು, ಸಿಸ್ಟರಮ್ಮನಿಗಿಂತ ಮೂರೋ ನಾಲ್ಕೋ ವರ್ಷಕ್ಕೆ ದೊಡ್ಡವಳು. ಅಂಗಳದಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದ ಹೆಂಗಸಿನ ನಿಲುವು ಕುಗ್ಗಿತ್ತು, ನೋಟ ಮಾತ್ರ ಹಾಗೇ ಇತ್ತು.

“ನೀವೇನಾ? ಮನೇಲಿ ನಿಮಗೆ ಪರದೆಯಮ್ಮ ಅಂತ ಹೆಸರಿಟ್ಟಿದ್ದೆ,” ಎಂದಳು.

ಸಿಸ್ಟರಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಶುರುಮಾಡಿದರು. ತಾಯಿ ಕಿವಿಗೆ ಕೈ ಹಿಡಿದಳು. “ಜೋರಾಗಿ ಹೇಳಿ. ಕೇಳಲ್ಲ.”

“ತಪ್ಪಾಯ್ತು ಅಂದೆ.”

“ಆಂ?”

“ಸುಳ್ಳು ಹೇಳಿದೆ! ನೀವು ಬಂದಿದ್ದರೂ ಬಂದಿಲ್ಲ ಅಂತ ಹೇಳಿದೆ!”

ಅಂಗಡಿಯಲ್ಲಿ ಕನ್ನಡಕ ನೋಡುತ್ತಿದ್ದ ಗಿರಾಕಿ ಬಗ್ಗಿ ಒಳಗೆ ನೋಡಿದ. ಬಾಗಿಲ ಬಳಿ ಮಗಳು ಗಾಜೊಂದನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದಳು. ಗಿರಾಕಿಯ ಕಡೆಗೆ ಅವಳು ತಿರುಗಲಿಲ್ಲ.

“ಅದು ಗೊತ್ತಾಯ್ತು. ಇವಳು ಹೇಳಿದಳು,” ಎಂದಳು ತಾಯಿ. “ನಲವತ್ತು ವರ್ಷ ಮುಖ ಗಂಟು ಹಾಕ್ಕೊಂಡು ಇದ್ದವಳು ಈಗ ದಿನಾ ಪಕ್ಕದಲ್ಲೇ ಕೂತು ಅಳ್ತಾಳೆ. ನಿದ್ದೆ ಮಾಡೋಕೂ ಬಿಡಲ್ಲ. ಅದು ಇರಲಿ. ನಿಮ್ಮನ್ನ ಕರೆಸಿದ್ದು ಅದಕ್ಕಲ್ಲ.” ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. “ಬಿಟ್ಟು ಹೋದ ಮೊದಲನೇ ದಿನ ಅವಳು ಏನು ತಿಂದಳು?”

ಸಿಸ್ಟರಮ್ಮನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಆ ಹದಿನಾಲ್ಕು ತಿಂಗಳು ನನ್ನ ಮಗು ಹೇಗಿತ್ತು ಅಂತ ನನಗೆ ಯಾರೂ ಹೇಳಲಿಲ್ಲ. ಇವಳಿಗೆ ನೆನಪಿಲ್ಲ, ಬರೀ ಸಿಟ್ಟು ನೆನಪಿದೆ. ನೀವು ನೋಡಿದ್ದೀರಿ. ಹೇಳಿ.”

“ಮೊದಲನೇ ದಿನ ಏನೂ ತಿನ್ನಲಿಲ್ಲ,” ಎಂದು ಸಿಸ್ಟರಮ್ಮ ಕೂಗಿ ಹೇಳಿದರು. “ಎರಡನೇ ದಿನ ಅರ್ಧ ಬ್ರೆಡ್ಡು, ಹಾಲಲ್ಲಿ ಅದ್ದಿ ಕೊಟ್ಟೆ.”

“ಹಾಲು ಬಿಸಿ ಇತ್ತಾ?”

ಇತ್ತು ಅನ್ನುವುದು ನಾಲಗೆ ತುದಿಗೆ ಬಂತು. “ಇಲ್ಲ. ಆರಿತ್ತು.”

“ಹೂಂ. ತಲೆ ಯಾರು ಬಾಚ್ತಿದ್ರು?”

“ಕೂದಲು ಕತ್ತರಿಸಿಬಿಟ್ವಿ. ಮೂರನೇ ದಿನ.”

ತಾಯಿ ಕಣ್ಣು ಮುಚ್ಚಿದಳು. ಆ ಕೂದಲನ್ನು ಎಣ್ಣೆ ಹಚ್ಚಿ ಬೆಳೆಸಿದ ಕೈ ಮಡಿಲಲ್ಲಿ ಒಮ್ಮೆ ತೆರೆದು ಮುಚ್ಚಿತು. “ಆಮೇಲೆ?” ಎಂದಳು.

ಸಂಜೆ ಮಗ ಕರೆದೊಯ್ಯಲು ಬಂದಾಗ ಮೊದಲ ತಿಂಗಳು ಮುಗಿದಿತ್ತು. ಕೂಗಿ ಕೂಗಿ ಸಿಸ್ಟರಮ್ಮನ ಗಂಟಲು ಒಡೆದಿತ್ತು. “ಇನ್ನೂ ಹದಿಮೂರಿದೆ,” ಎಂದಳು ತಾಯಿ. ಮಗಳು ಅವರ ಕೈ ಹಿಡಿದು ಕಾರಿನವರೆಗೆ ಬಂದಳು. ಬಾಗಿಲು ಹಾಕುವ ಮುನ್ನ ತಗ್ಗಿದ ದನಿಯಲ್ಲಿ, “ಪುರುಸೊತ್ತಿಲ್ಲ ಅಂದ ಮಾತು ಅಮ್ಮನಿಗೆ ನಾನು ಹೇಳಿಲ್ಲ. ಹೇಳೋದು ಬಿಡೋದು ನಿಮಗೆ ಸೇರಿದ್ದು,” ಎಂದಳು.

ಹಾಗೆ ಅವರಿಗೆ ಇನ್ನೊಂದು ಕಟ್ಟು ಬಿತ್ತು. ವಾರಕ್ಕೆ ಎರಡು ಸಲ ಮೆಟ್ಟಿಲು ಇಳಿದು ಹತ್ತಬೇಕು. ಹೇಳುತ್ತ ಹೇಳುತ್ತ ತಾವೇ ಮರೆತದ್ದೆಲ್ಲ ಮೇಲೆ ಬರುತ್ತಿತ್ತು. ಹುಡುಗಿ ಕೊಕ್ಕೆಗಳಿಗೆ ಒಂದೊಂದು ಹೆಸರಿಟ್ಟದ್ದು, ಹಲ್ಲು ಬಿದ್ದಾಗ ಅದನ್ನು ದಿಂಬಿನ ಚೀಲದಲ್ಲಿ ಬಚ್ಚಿಟ್ಟದ್ದು, ಜ್ವರದಲ್ಲಿ ತಮ್ಮನ್ನೇ ಅಮ್ಮ ಎಂದು ಕರೆದದ್ದು. ಕೊನೆಯದನ್ನು ಹೇಳಬಾರದಿತ್ತೇನೋ. ಹೇಳಿದರು. ಒಂದೊಂದು ತಿಂಗಳು ಮುಗಿದಂತೆ ಒಂಬತ್ತನೆಯದು ಹತ್ತಿರವಾಗುತ್ತಿತ್ತು, ಮನೆಯಲ್ಲಿ ಮಂಚದ ಮೇಲೆ ಕೂತರೂ ಅದೇ, ಕಾರಿನಲ್ಲಿ ಕೂತರೂ ಅದೇ. ಹಾರಿಸಿ ಹತ್ತಕ್ಕೆ ಹೋದರೆ ತಾಯಿಗೆ ತಿಳಿಯುವಂತಿರಲಿಲ್ಲ. ಬಾಗಿಲಲ್ಲಿ ನಿಲ್ಲುವ ಮಗಳಿಗೆ ತಿಳಿಯುತ್ತಿತ್ತು.

ಒಂಬತ್ತನೇ ತಿಂಗಳ ಸರದಿ ಬಂದ ದಿನ ಅಂಗಡಿ ಮುಚ್ಚಿತ್ತು, ಮಗಳು ಒಳಗೇ ಕೂತಿದ್ದಳು. ಸಿಸ್ಟರಮ್ಮ ಕೂಗಲು ಹೋಗಲಿಲ್ಲ. ಕುರ್ಚಿಯನ್ನು ತಾಯಿಯ ಪಕ್ಕಕ್ಕೆ ಎಳೆದುಕೊಂಡು, ಕಿವಿಯ ಹತ್ತಿರ ಬಾಗಿ, ಹುಡುಗಿ ಕೇಳಿದ್ದನ್ನೂ ತಾವು ಕೊಟ್ಟ ಉತ್ತರವನ್ನೂ ಅಕ್ಷರ ಬಿಡದೆ ಹೇಳಿದರು.

ಮಗಳು ನೆಲ ನೋಡುತ್ತಿದ್ದಳು.

“ಪುರುಸೊತ್ತಿರಲಿಲ್ಲ, ಅದು ನಿಜ,” ಎಂದಳು ತಾಯಿ. “ಕೂಸಿಗೆ ಹಾಲೂಡಿಸೋಕೂ ಹೊತ್ತು ಸಿಗ್ತಿರಲಿಲ್ಲ. ದಾರೀಲಿ ನಡೀತಾನೇ ಕುಡಿಸ್ತಿದ್ದೆ.” ಸಿಸ್ಟರಮ್ಮನ ಕಡೆ ನೋಡದೆ ಮಗಳ ಕಡೆ ಕೈ ಚಾಚಿದಳು. ಮಗಳು ಎದ್ದು ಬಂದು ಆ ಕೈ ಹಿಡಿದುಕೊಂಡು ನಿಂತಳು. “ಇವತ್ತು ಸಾಕು. ನೀವು ಹೋಗಿ,” ಎಂದಳು ತಾಯಿ.

ಸಿಸ್ಟರಮ್ಮ ಎದ್ದರು. ಮತ್ತೆ ಬರಬೇಕೋ ಬೇಡವೋ ಕೇಳಲು ಧೈರ್ಯವಾಗಲಿಲ್ಲ. ಅಂಗಡಿಯ ಕತ್ತಲಲ್ಲಿ ಗಾಜಿನ ಪೆಟ್ಟಿಗೆಗಳನ್ನು ತಡವಿಕೊಂಡು ಹೊರಗಿನ ಬಾಗಿಲು ಮುಟ್ಟಿ, ಅದರ ಅಗುಳಿ ಯಾವ ಕಡೆ ಎಳೆಯಬೇಕೆಂದು ತಿಳಿಯದೆ ನಿಂತರು. ಒಳಗಿನಿಂದ ತಾಯಿಯ ದನಿ ಬಂತು, ಕಿವಿ ಕೇಳದವರ ಎತ್ತರದ ದನಿ: “ಹತ್ತನೇ ತಿಂಗಳಿಂದು ಮಂಗಳವಾರ ಅಂತ ಹೇಳೇ ಅವರಿಗೆ.”